ಹಳೆ ಬೈಕ್‌ಗೆ ಪೆಟ್ರೋಲ್ ಫಿಲ್ಟರ್: ಆರಿಸುವುದರಿಂದ ರೋಡ್ ಟೆಸ್ಟ್‌ವರೆಗೆ

ಫಿಲ್ಟರ್ ಹಾಕುವ ಮುಂಚೆ ಬೈಕ್ ಚೆನ್ನಾಗೇ ಇತ್ತು, ಹಾಕಿದ ಮೇಲೆ ದಾರಿ ಮಧ್ಯೆ ನಿಲ್ಲುತ್ತಿದೆ. ಹಳೆ ಬೈಕ್ ಇಟ್ಟುಕೊಂಡವರ ಬಾಯಲ್ಲಿ ನಾನು ಪದೇ ಪದೇ ಕೇಳುವ ದೂರು ಇದು. ಆರ್‌ಎಕ್ಸ್ 100, ಯೆಜ್ಡಿ, ಸಿಡಿ 100, ಹಳೆ ಬುಲೆಟ್, ಯಾವುದೇ ಇರಲಿ, ಕಥೆ ಒಂದೇ. ಕಾರಣವೂ ಬಹುತೇಕ ಒಂದೇ. ಫಿಲ್ಟರ್ ಎಷ್ಟು ಕಸ ಹಿಡಿಯುತ್ತದೆ ಅಂತ ವಿಚಾರಿಸಿ ತಂದಿರುತ್ತಾರೆ, ಎಷ್ಟು ಪೆಟ್ರೋಲ್ ಬಿಡುತ್ತದೆ ಅಂತ ಯಾರೂ ನೋಡಿರುವುದಿಲ್ಲ.

ನನ್ನ ಆರ್‌ಎಕ್ಸ್ 100ಗೂ ಹೀಗೇ ಆಗಿತ್ತು. ಒಂದು ಗ್ಯಾರೇಜ್‌ನಲ್ಲಿ ದೊಡ್ಡ ಪ್ಲಾಸ್ಟಿಕ್ ಫಿಲ್ಟರ್ ಹಾಕಿಕೊಟ್ಟರು. ಮೈಸೂರು ಊರೊಳಗೆ ಒಂದು ವಾರ ಏನೂ ತೊಂದರೆ ಇರಲಿಲ್ಲ. ಚಾಮುಂಡಿ ಬೆಟ್ಟ ಹತ್ತುವಾಗ ಅರ್ಧ ದಾರಿಯಲ್ಲಿ ಎಂಜಿನ್ ಬಿಕ್ಕಳಿಸಿ ನಿಂತಿತು. ಬಗ್ಗಿ ನೋಡಿದರೆ ಫಿಲ್ಟರ್ ಖಾಲಿ. ಒಳಗಿನ ಕಾಗದದ ಮಡಿಕೆಯಿಂದ ಒಂದೊಂದೇ ಹನಿ ಇಳಿಯುತ್ತಿತ್ತು. ಎರಡು ನಿಮಿಷ ಕಾದರೆ ಸ್ಟಾರ್ಟ್ ಆಗುತ್ತದೆ, ಇನ್ನೊಂದು ತಿರುವು ದಾಟುತ್ತದೆ, ಮತ್ತೆ ಬಂದ್. ಟ್ಯಾಂಕ್ ತುಂಬಾ ಪೆಟ್ರೋಲ್ ಇತ್ತು.

ಹಳೆ ಬೈಕ್‌ಗಳಲ್ಲಿ ಪೆಟ್ರೋಲ್ ಪಂಪ್ ಇರುವುದಿಲ್ಲ. ಟ್ಯಾಂಕ್ ಮೇಲಿದೆ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬೊರೇಟರ್ ಕೆಳಗಿದೆ, ಪೆಟ್ರೋಲ್ ತನ್ನ ಭಾರಕ್ಕೇ ಇಳಿಯಬೇಕು. ಒಂದಡಿ ಎತ್ತರದ ಪೆಟ್ರೋಲ್ ಕೊಡುವ ಒತ್ತಡ ಸುಮಾರು 0.02 ಬಾರ್ ಅಷ್ಟೇ. ಇಂಜೆಕ್ಷನ್ ಬೈಕ್‌ನ (ಕಾರ್ಬೊರೇಟರ್ ಬದಲು ಪೆಟ್ರೋಲ್ ಚಿಮ್ಮಿಸುವ ಹೊಸ ಬೈಕ್‌ನ) ಪಂಪ್ ಸುಮಾರು 3 ಬಾರ್ ಒತ್ತಡದಲ್ಲಿ ತಳ್ಳುತ್ತದೆ. ನೂರು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ! ಆದ್ದರಿಂದ ಪಂಪ್ ಇರುವ ಗಾಡಿಯ ಫಿಲ್ಟರ್ ಇಲ್ಲಿಗೆ ಒಗ್ಗುವುದಿಲ್ಲ. ಕೆಳಗೆ ಹೇಳಿರುವುದೆಲ್ಲ ಕಾರ್ಬೊರೇಟರ್ ಇರುವ, ಪಂಪ್ ಇಲ್ಲದ ಬೈಕ್‌ಗಳಿಗೆ ಮಾತ್ರ.

ಕೆಲಸಕ್ಕೆ ಕೂರುವ ಮುಂಚೆ

ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಬಯಲಲ್ಲಿ, ಗಾಳಿ ಆಡುವ ಜಾಗದಲ್ಲಿ ಮಾಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ನೆಲ ಹಿಡಿದು ಹರಿದು ದೂರದ ಕಿಡಿಯನ್ನೂ ಮುಟ್ಟುತ್ತದೆ. ಹಾಗಾಗಿ ಬೇಸ್‌ಮೆಂಟ್ ಪಾರ್ಕಿಂಗ್ ಬೇಡ. ಹಿತ್ತಲಲ್ಲಿ ನೀರು ಕಾಯಿಸುವ ಹಂಡೆ ಒಲೆ ಉರಿಯುತ್ತಿದ್ದರೆ, ತುಳಸಿಕಟ್ಟೆಯಲ್ಲಿ ದೀಪ ಇದ್ದರೆ, ಅದು ಆರಿದ ಮೇಲೆ ಶುರು ಮಾಡಿ. ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು ಇಟ್ಟುಕೊಳ್ಳಿ. ಪೆಟ್ರೋಲ್ ಬೆಂಕಿಗೆ ನೀರು ಸುರಿದರೆ ಬೆಂಕಿ ಹರಡುತ್ತದೆ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಪ್ಲೈಯರ್, ಸ್ಕ್ರೂಡ್ರೈವರ್, ಟ್ಯಾಂಕ್ ಬಿಚ್ಚಲು ಸ್ಪ್ಯಾನರ್ ಸೆಟ್, ಹೊಸ ಬ್ಲೇಡ್ ಹಾಕಿದ ಕಟರ್, ಹಳೆ ಬನಿಯನ್ ಬಟ್ಟೆ, ಟಾರ್ಚ್, ಪೆಟ್ರೋಲ್ ಹಿಡಿಯಲು ಒಂದು ಲೋಹದ ಡಬ್ಬ, ಮಿ.ಲೀ. ಗುರುತಿರುವ ಒಂದು ಅಳತೆ ಪಾತ್ರೆ. ಪೈಪ್, ನಿಪ್ಪಲ್‌ಗಳ ದಪ್ಪ ಅಳೆಯಲು ವರ್ನಿಯರ್ ಇದ್ದರೆ ತುಂಬಾ ಒಳ್ಳೆಯದು. ನಿಪ್ಪಲ್ ಅಂದರೆ ಪೈಪ್ ಸಿಕ್ಕಿಸುವ ಮೂತಿ. ಪೈಪ್ ಬಾಯಿಗಿಟ್ಟು ಎಳೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಪೆಟ್ರೋಲ್ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಹಿಡಿದ ಪೆಟ್ರೋಲನ್ನು ಕುಡಿಯುವ ನೀರಿನ ಬಾಟಲಿಗೆ ಹಾಕಿಡಲೂ ಬೇಡಿ, ಮನೆಯಲ್ಲಿ ಮಕ್ಕಳಿರುತ್ತಾರೆ.

ಹಂತ 1: ಫಿಲ್ಟರ್ ನಿಜವಾಗಿ ಬೇಕಾ, ಮೊದಲು ನೋಡಿ

ಕಾರ್ಬೊರೇಟರ್‌ನ ಕೆಳಗೆ ಪೆಟ್ರೋಲ್ ನಿಲ್ಲುವ ಬಟ್ಟಲನ್ನು, ಅಂದರೆ ಫ್ಲೋಟ್ ಚೇಂಬರನ್ನು, ಬಿಚ್ಚಿ ತಳ ನೋಡಿ. ಬೆರಳಾಡಿಸಿದರೆ ಅರಿಶಿನ ಕುಂಕುಮ ಕಲಸಿದಂಥ ಕೆಂಗಂದು ಪುಡಿ ಸಿಕ್ಕರೆ ಅದು ಟ್ಯಾಂಕ್‌ನ ತುಕ್ಕು. ಕಪ್ಪು ಚೂರುಗಳಾದರೆ ಹಳೆ ಪೈಪ್ ಒಳಗಿಂದ ಕಿತ್ತು ಬರುತ್ತಿದೆ. ತಳದಲ್ಲಿ ಉರುಳಾಡುವ ಗುಂಡನೆಯ ಹನಿಗಳು ನೀರು. ಹಸಿರು ಅಥವಾ ಕಂದು ಬಣ್ಣದ ಅಂಟು ಎಂದರೆ ಪೆಟ್ರೋಲ್ ತಿಂಗಳುಗಟ್ಟಲೆ ನಿಂತು ಹಾಳಾಗಿದೆ.

ತುಕ್ಕು ಸ್ವಲ್ಪ ಇದ್ದರೆ ಫಿಲ್ಟರ್ ಸಾಕು. ಟ್ಯಾಂಕ್ ಬಾಯಿಯಿಂದ ಟಾರ್ಚ್ ಬಿಟ್ಟಾಗ ಒಳಗೆಲ್ಲ ಕೆಂಪು ಪದರ ಕಂಡರೆ ಮೊದಲು ಟ್ಯಾಂಕ್ ಕ್ಲೀನ್ ಮಾಡಿಸಲೇಬೇಕು. ಇಲ್ಲದಿದ್ದರೆ ಹೊಸ ಫಿಲ್ಟರ್ ಒಂದೆರಡು ವಾರದಲ್ಲಿ ಕಟ್ಟಿಕೊಳ್ಳುತ್ತದೆ. ನೀರು ಮತ್ತು ಅಂಟಿಗೆ ಫಿಲ್ಟರ್ ಮದ್ದಲ್ಲ, ಅವು ಪೆಟ್ರೋಲ್ ಜೊತೆಗೇ ದಾಟಿ ಹೋಗುತ್ತವೆ.

ಒಂದು ಮಾತು ಇಲ್ಲೇ ಹೇಳಬೇಕು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲ್ ಬಿಡುಗಡೆಯಾಯಿತು. ಈಗ ಸಾಮಾನ್ಯವಾಗಿ ಬಂಕ್‌ನಲ್ಲಿ ಸಿಗುವುದು ಅದೇ, 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ, ಟ್ಯಾಂಕ್ ಗೋಡೆಗೆ ವರ್ಷಗಳಿಂದ ಅಂಟಿದ್ದ ಕೊಳೆಯನ್ನು ಸಡಿಲಿಸುತ್ತದೆ. ನೀರು ಜಾಸ್ತಿಯಾದರೆ ಎಥನಾಲ್ ಮತ್ತು ನೀರು ಒಟ್ಟಿಗೆ ಬೇರ್ಪಟ್ಟು ತಳ ಸೇರುತ್ತವೆ. ತಿಂಗಳಿಗೊಮ್ಮೆ ಹೊರತೆಗೆಯುವ ಬೈಕ್‌ನಲ್ಲಿ ಇದು ಜಾಸ್ತಿ.

ಹಂತ 2: ಮುಚ್ಚಳ ಮತ್ತು ಟ್ಯಾಪ್ ಪರೀಕ್ಷೆ

ಫಿಲ್ಟರ್ ಮೇಲೆ ಬರುವ ಅಪವಾದದಲ್ಲಿ ಎಷ್ಟೋ ಪಾಲು ಟ್ಯಾಂಕ್ ಮುಚ್ಚಳಕ್ಕೆ ಸೇರಬೇಕು. ಮುಚ್ಚಳದಲ್ಲಿ ಗಾಳಿ ಒಳಗೆ ಹೋಗಲು ಒಂದು ಸಣ್ಣ ರಂಧ್ರ ಇರುತ್ತದೆ. ಅದು ಕಟ್ಟಿಕೊಂಡರೆ ಪೆಟ್ರೋಲ್ ಇಳಿದಂತೆ ಟ್ಯಾಂಕ್ ಒಳಗೆ ನಿರ್ವಾತ ಆಗಿ ಹರಿವು ನಿಲ್ಲುತ್ತದೆ. ಬೈಕ್ ಕೆಲವು ಕಿಲೋಮೀಟರ್ ಓಡಿ ನಿಲ್ಲುತ್ತಿದ್ದರೆ, ನಿಂತ ಕೂಡಲೇ ಮುಚ್ಚಳ ತೆರೆಯಿರಿ. ಉಸ್ ಅಂತ ಗಾಳಿ ಎಳೆದ ಸದ್ದು ಬಂದು, ಆಮೇಲೆ ಬೈಕ್ ಸರಿಯಾಗಿ ಓಡಿದರೆ ತಪ್ಪು ಮುಚ್ಚಳದ್ದು. ರಂಧ್ರವನ್ನು ತೆಳು ತಂತಿಯಿಂದ ಬಿಡಿಸಿ, ಗಾಳಿ ಊದಿ.

ಮುಂದೆ ಟ್ಯಾಂಕ್ ಕೆಳಗಿನ ಪೆಟ್ರೋಲ್ ಟ್ಯಾಪ್. ಟ್ಯಾಂಕ್ ಖಾಲಿ ಮಾಡಿ ಟ್ಯಾಪ್ ಬಿಚ್ಚಿದರೆ ಒಳಗೆ ನಿಂತಿರುವ ಸಣ್ಣ ಕೊಳವೆಯ ಸುತ್ತ ಜಾಲರಿ ಕಾಣುತ್ತದೆ. ಅದು ಹರಿದಿದ್ದರೆ ಬದಲಿಸಿ, ಕಟ್ಟಿದ್ದರೆ ಹಲ್ಲುಜ್ಜುವ ಹಳೆ ಬ್ರಷ್‌ನಿಂದ ಪೆಟ್ರೋಲ್‌ನಲ್ಲೇ ತೊಳೆಯಿರಿ. ಕೆಲವು ಬೈಕ್‌ಗಳ ಟ್ಯಾಪ್ ಕೆಳಗೆ ಪುಟ್ಟ ಕಪ್ ಇರುತ್ತದೆ, ಅದನ್ನೂ ಬಿಚ್ಚಿ ಒರೆಸಿ. ಹೊರಗೆ ಫಿಲ್ಟರ್ ಬಂತಲ್ಲ ಅಂತ ಒಳಗಿನ ಜಾಲರಿ ಕಿತ್ತೆಸೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ದಪ್ಪ ಕಸವನ್ನು ಟ್ಯಾಂಕ್‌ನಲ್ಲೇ ತಡೆಯುವುದು ಅದರ ಕೆಲಸ.

ಹಂತ 3: ಫಿಲ್ಟರ್ ಇಲ್ಲದೆ ಹರಿವು ಅಳೆಯಿರಿ

ಇದನ್ನು ಯಾರೂ ಮಾಡುವುದಿಲ್ಲ. ಮಾಡಿದವರಿಗೆ ಮುಂದೆ ಯಾವ ಅನುಮಾನವೂ ಉಳಿಯುವುದಿಲ್ಲ.

ಟ್ಯಾಂಕ್‌ನಲ್ಲಿ ಒಂದೆರಡು ಲೀಟರ್ ಮಾತ್ರ ಇರಲಿ, ಟ್ಯಾಪ್ ರಿಸರ್ವ್‌ಗೆ ತಿರುಗಿಸಿ. ಮಟ್ಟ ಕಡಿಮೆ ಇದ್ದಾಗ ಒತ್ತಡವೂ ಕಡಿಮೆ, ಆಗ ಸರಿಯಾಗಿ ಹರಿದರೆ ಯಾವಾಗಲೂ ಹರಿಯುತ್ತದೆ. ಕಾರ್ಬೊರೇಟರ್‌ನಿಂದ ಪೈಪ್ ಕಳಚಿ, ಅದರ ತುದಿಯನ್ನು ಅಳತೆ ಪಾತ್ರೆಗೆ ಬಿಡಿ. ಸರಿಯಾಗಿ ಒಂದು ನಿಮಿಷ ಹಿಡಿದು ಎಷ್ಟು ಮಿ.ಲೀ. ಬಂತು ಬರೆದುಕೊಳ್ಳಿ.

ಪೈಪಿನ ತುದಿ ಕಾರ್ಬೊರೇಟರ್‌ನ ನಿಪ್ಪಲ್ ಇರುವ ಎತ್ತರದಲ್ಲೇ ಇರಬೇಕು. ನೆಲದ ಮೇಲಿಟ್ಟ ಪಾತ್ರೆಗೆ ಉದ್ದ ಪೈಪ್ ಇಳಿಸಿದರೆ ಎತ್ತರ ಜಾಸ್ತಿಯಾಗಿ ಪೆಟ್ರೋಲ್ ಜೋರಾಗಿ ಬರುತ್ತದೆ, ಲೆಕ್ಕ ಸುಳ್ಳಾಗುತ್ತದೆ. ಒಂದು ಸ್ಟೂಲ್ ಮೇಲೆ ಪಾತ್ರೆ ಇಟ್ಟುಕೊಳ್ಳಿ.

ಎಷ್ಟು ಬಂದರೆ ಸಾಕು? ಲೆಕ್ಕ ಸುಲಭ. ಗಂಟೆಗೆ 60 ಕಿ.ಮೀ. ವೇಗದಲ್ಲಿ 40 ಕಿ.ಮೀ. ಮೈಲೇಜ್ ಕೊಡುವ ಬೈಕ್‌ಗೆ ಗಂಟೆಗೆ ಒಂದೂವರೆ ಲೀಟರ್ ಬೇಕು, ಅಂದರೆ ನಿಮಿಷಕ್ಕೆ 25 ಮಿ.ಲೀ. ಪೂರ್ತಿ ಆಕ್ಸಿಲರೇಟರ್ ಕೊಟ್ಟು ಏರು ಹತ್ತುವಾಗ ಇದರ ಎರಡು, ಮೂರು ಪಟ್ಟು ಬೇಕಾಗಬಹುದು, ಸುಮಾರು 75 ಮಿ.ಲೀ. ಕಾರ್ಬೊರೇಟರ್ ಒಳಗೆ, ಚೇಂಬರ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿಯೂ ದಾರಿಯನ್ನು ಸ್ವಲ್ಪ ಕಿರಿದು ಮಾಡುತ್ತದೆ. ಹಾಗಾಗಿ 100, 125 ಸಿಸಿ ಬೈಕ್‌ಗೆ ನಾನು ಇಟ್ಟುಕೊಂಡಿರುವ ಮಿತಿ ನಿಮಿಷಕ್ಕೆ 150 ಮಿ.ಲೀ. ಯೆಜ್ಡಿ, ಬುಲೆಟ್‌ಗಳಿಗೆ 200 ಇಟ್ಟುಕೊಳ್ಳಿ. ಫಿಲ್ಟರ್ ಇಲ್ಲದೆಯೇ ಇಷ್ಟು ಬರದಿದ್ದರೆ ಹಿಂದಿನ ಹಂತಕ್ಕೆ ಹೋಗಿ. ಟ್ಯಾಪ್ ಇನ್ನೂ ಕಟ್ಟಿಕೊಂಡಿದೆ.

ಹಂತ 4: ಫಿಲ್ಟರ್ ಆರಿಸುವುದು

ಅಂಗಡಿಯಲ್ಲಿ ಮುಖ್ಯವಾಗಿ ಮೂರು ಬಗೆ ಸಿಗುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಗೇ ಹೋಗಬೇಕಿಲ್ಲ, ತಾಲ್ಲೂಕು ಕೇಂದ್ರದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೂ ಇರುತ್ತವೆ.

ಮೊದಲನೆಯದು ಪಾರದರ್ಶಕ ಪ್ಲಾಸ್ಟಿಕ್ ಒಳಗೆ ನೈಲಾನ್ ಜಾಲರಿ ಇರುವ ಸಣ್ಣ ಫಿಲ್ಟರ್. ಹಳೆ ಬೈಕ್‌ಗೆ ನಾನು ಹೇಳುವುದು ಇದನ್ನೇ. ಪೆಟ್ರೋಲ್ ಧಾರಾಳವಾಗಿ ಬಿಡುತ್ತದೆ, ಒಳಗಿನ ಕಸ ಕಣ್ಣಿಗೆ ಕಾಣುತ್ತದೆ, ಬೆಲೆಯೂ ಕಡಿಮೆ. ತೀರಾ ನುಣ್ಣನೆಯ ತುಕ್ಕಿನ ಪುಡಿ ದಾಟಿಹೋಗುತ್ತದೆ, ನಿಜ. ಆದರೆ ಜೆಟ್, ಅಂದರೆ ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಹಾಯುವ ಸಣ್ಣ ತೂತು, ಕಟ್ಟುವಷ್ಟು ದಪ್ಪದ ಕಣ ನಿಲ್ಲುತ್ತದೆ. ಅದರಲ್ಲೇ ಚಿಕ್ಕದಾದ ಪೈಲಟ್ ಜೆಟ್‌ನ ರಂಧ್ರ ಅರ್ಧ ಮಿಲಿಮೀಟರ್‌ಗಿಂತ ಚಿಕ್ಕದು, ಜಾಲರಿಯ ಕಣ್ಣು ಅದಕ್ಕಿಂತಲೂ ಎಷ್ಟೋ ಸಣ್ಣದಿರುತ್ತದೆ.

ಎರಡನೆಯದು ಮಡಿಕೆ ಕಾಗದದ ಫಿಲ್ಟರ್. ಇದು ನುಣ್ಣನೆಯ ಪುಡಿಯನ್ನೂ ಹಿಡಿಯುತ್ತದೆ. ಬೈಕ್‌ಗೆಂದೇ ಮಾಡಿದ್ದಾದರೆ ತೊಂದರೆ ಇಲ್ಲ. ತೊಂದರೆ ಬರುವುದು ಕಾರಿನ ಫಿಲ್ಟರ್ ತಂದಾಗ. ಹಳೆ ಮಾರುತಿ 800ರಂಥ ಕಾರಿನಲ್ಲಿ ಪೆಟ್ರೋಲ್ ಎಳೆಯಲು ಪಂಪ್ ಇರುತ್ತದೆ, ಫಿಲ್ಟರ್ ಅದಕ್ಕೆ ತಕ್ಕ ಹಾಗೆ ಇರುತ್ತದೆ. ದೊಡ್ಡದಾಗಿದೆ, ಚೆನ್ನಾಗಿ ಸೋಸುತ್ತದೆ ಅಂತ ಅದನ್ನು ಬೈಕ್‌ಗೆ ಹಾಕಿದರೆ ಚಾಮುಂಡಿ ಬೆಟ್ಟದ ಕಥೆ ಆಗುತ್ತದೆ. ಇನ್ನೊಂದು, ನೀರು ಸೇರಿದರೆ ಕಾಗದ ಊದಿಕೊಂಡು ದಾರಿ ಇನ್ನೂ ಕಿರಿದಾಗುತ್ತದೆ.

ಮೂರನೆಯದು ಲೋಹದ ಅಥವಾ ಗಾಜಿನ ಮೈಯ, ಒಳಗೆ ಕಂಚಿನ ಪುಡಿ ಒತ್ತಿ ಮಾಡಿದ ಗಟ್ಟಿ ಸೋಸುಕ ಇರುವಂಥದ್ದು. ನೋಡಲು ಚೆಂದ. ಆದರೆ ಇವುಗಳಲ್ಲಿ ಹಲವು ಪಂಪ್ ಇಲ್ಲದೆ ಸರಿಯಾಗಿ ಹರಿಯುವುದಿಲ್ಲ, ಗಾಜಿನದರಲ್ಲಿ ರಬ್ಬರ್ ರಿಂಗ್‌ನಿಂದ ಸೋರಿಕೆಯೂ ಬರುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರುವ ಅಪಾಯ ಚೆಂದಕ್ಕಾಗಿ ತೆಗೆದುಕೊಳ್ಳುವಂಥದ್ದಲ್ಲ.

ಅಳತೆ ಮರೆಯಬೇಡಿ. ಟ್ಯಾಪ್, ಕಾರ್ಬೊರೇಟರ್ ಎರಡರ ನಿಪ್ಪಲ್‌ನ ಹೊರ ಅಳತೆಯನ್ನು ವರ್ನಿಯರ್‌ನಿಂದ ನೋಡಿ. ಫಿಲ್ಟರ್‌ನ ನಿಪ್ಪಲ್ ಅಷ್ಟೇ ಇರಬೇಕು. ವರ್ನಿಯರ್ ಇಲ್ಲದಿದ್ದರೆ ಹಳೆ ಪೈಪಿನ ತುಂಡನ್ನೇ ಅಂಗಡಿಗೆ ಒಯ್ಯಿರಿ. ಹಾಗೇ ಟ್ಯಾಪ್‌ನಿಂದ ಕಾರ್ಬೊರೇಟರ್‌ಗೆ ಇರುವ ಜಾಗವನ್ನೂ ಸ್ಕೇಲ್‌ನಲ್ಲಿ ಅಳೆಯಿರಿ. ಫಿಲ್ಟರ್ ಮೈ, ಎರಡು ಕಡೆಯ ನಿಪ್ಪಲ್, ಎರಡು ಕಡೆಯ ಪೈಪ್ ತುಂಡು ಎಲ್ಲ ಆ ಜಾಗದಲ್ಲಿ ಹಿಡಿಯಬೇಕು. ಹಿಡಿಯದಿದ್ದರೆ ಫಿಲ್ಟರ್ ಹಾಕಲೇಬೇಡಿ. ಟ್ಯಾಪ್‌ಗೆ ಹೊಸ ಜಾಲರಿ ಹಾಕಿ ಸುಮ್ನೆ ಬಿಡುವುದು ಎಷ್ಟೋ ವಾಸಿ.

ಹಂತ 5: ಪೈಪ್ ಮತ್ತು ಕ್ಲಿಪ್

ಹಳೆ ಪೈಪಿಗೆ ಹೊಸ ಫಿಲ್ಟರ್ ಜೋಡಿಸಬೇಡಿ. ಹಳೆಯದನ್ನು ಬಗ್ಗಿಸಿ ನೋಡಿ, ಹೊರಮೈಯಲ್ಲಿ ಸಣ್ಣ ಬಿರುಕು ಕಂಡರೆ ಒಳಗೂ ಹಾಗೇ ಇರುತ್ತದೆ.

ಎಥನಾಲ್ ತಡೆಯುವ ನೈಟ್ರೈಲ್ ರಬ್ಬರ್ ಪೈಪ್ ಕೇಳಿ. ವಿಟಾನ್ ಎಂಬ ಬಗೆಯ ರಬ್ಬರ್ ಪೈಪ್ ಸಿಕ್ಕರೆ ಇನ್ನೂ ಒಳ್ಳೆಯದು, ಬೆಲೆ ಜಾಸ್ತಿ. ಮೀಟರ್ ಲೆಕ್ಕದಲ್ಲಿ ಸಿಗುವ ಸಾದಾ ಪಾರದರ್ಶಕ ಪೈಪ್ ಕೆಲವೇ ತಿಂಗಳಲ್ಲಿ ಹಳದಿಯಾಗಿ ಕಡ್ಡಿಯಂತೆ ಗಟ್ಟಿಯಾಗುತ್ತದೆ, ಆಮೇಲೆ ನಿಪ್ಪಲ್‌ನಿಂದ ತಾನೇ ಜಾರುತ್ತದೆ. ಸಾದಾ ಸಿಲಿಕೋನ್ ಪೈಪ್ ಪೆಟ್ರೋಲ್‌ಗೆ ಊದಿಕೊಳ್ಳುತ್ತದೆ, ಅದೂ ಬೇಡ.

ಫಿಲ್ಟರ್‌ನ ಎರಡು ತುದಿ, ಟ್ಯಾಪ್, ಕಾರ್ಬೊರೇಟರ್, ಒಟ್ಟು ನಾಲ್ಕು ಕ್ಲಿಪ್ ಬೇಕು. ಸಣ್ಣ ಪೈಪಿಗೆ ಸ್ಪ್ರಿಂಗ್ ಕ್ಲಿಪ್ಪೇ ಸರಿ. ಬೈಂಡಿಂಗ್ ವೈರ್ ಸುತ್ತಿದರೆ ಪೈಪ್ ಕತ್ತರಿಸುತ್ತದೆ. ಸ್ಕ್ರೂ ಕ್ಲ್ಯಾಂಪ್ ಜಾಸ್ತಿ ಬಿಗಿದರೆ ಫಿಲ್ಟರ್‌ನ ಪ್ಲಾಸ್ಟಿಕ್ ನಿಪ್ಪಲ್ ಬಿರುಕು ಬಿಡುತ್ತದೆ.

ಹಂತ 6: ಕೂರಿಸುವುದು

ಮೊದಲು ಪೆಟ್ರೋಲ್ ಇಲ್ಲದೆ ಒಣ ಜೋಡಣೆ ಮಾಡಿ ನೋಡಿ. ಫಿಲ್ಟರ್ ಮೇಲೆ ಬಾಣದ ಗುರುತು ಇರುತ್ತದೆ. ಬಾಣದ ಮೊನೆ ಕಾರ್ಬೊರೇಟರ್ ಕಡೆಗೆ ಇರಬೇಕು. ಪೈಪ್ ಟ್ಯಾಪ್‌ನಿಂದ ಶುರುವಾಗಿ ಕೊನೆವರೆಗೂ ಇಳಿಯುತ್ತಲೇ ಹೋಗಬೇಕು. ನಡುವೆ ಎಲ್ಲಾದರೂ ಕೆಳಗಿಳಿದು ಮತ್ತೆ ಮೇಲೇರಿದರೆ ಆ ಉಬ್ಬಿನಲ್ಲಿ ಗಾಳಿ ಸಿಕ್ಕಿಕೊಂಡು ಹರಿವು ತಡೆಯುತ್ತದೆ. ಫಿಲ್ಟರ್ ಆದಷ್ಟು ನೇರವಾಗಿ ನಿಂತಿರಲಿ, ಮಲಗಿದ್ದರೆ ಒಳಗೆ ಗಾಳಿ ಜಾಸ್ತಿ ಉಳಿಯುತ್ತದೆ. ಎಂಜಿನ್‌ನ ರೆಕ್ಕೆಗಳಿಗೆ, ಸೈಲೆನ್ಸರ್ ಬೆಂಡ್‌ಗೆ ಎಲ್ಲೂ ತಗುಲಬಾರದು. ಹ್ಯಾಂಡಲ್ ಎರಡೂ ಕಡೆ ತಿರುಗಿಸಿ ಕೇಬಲ್‌ಗಳು ಫಿಲ್ಟರ್ ತಳ್ಳುತ್ತವೆಯೇ ನೋಡಿ.

ಪೈಪ್ ಕತ್ತರಿಸುವಾಗ ಹೊಸ ಬ್ಲೇಡ್ ಬಳಸಿ, ಒಂದೇ ಸಲ ನೇರವಾಗಿ ಕತ್ತರಿಸಿ. ಮೊಂಡು ಕತ್ತರಿಯಿಂದ ಜಗ್ಗಿದರೆ ಅಂಚಿನಲ್ಲಿ ರಬ್ಬರ್ ಎಳೆ ನೇತಾಡುತ್ತದೆ. ಫಿಲ್ಟರ್‌ಗೂ ಕಾರ್ಬೊರೇಟರ್‌ಗೂ ನಡುವಿನ ತುಂಡಿನಲ್ಲಿ ಅಂಥ ಎಳೆ ಉಳಿದರೆ ಅದನ್ನು ತಡೆಯುವವರೇ ಇಲ್ಲ, ನೇರ ಹೋಗಿ ಫ್ಲೋಟ್ ಸೂಜಿಯ ಕೆಳಗೆ ಕೂರುತ್ತದೆ. ಆಮೇಲೆ ಕಾರ್ಬೊರೇಟರ್ ಉಕ್ಕುತ್ತದೆ. ಒಂದು ಸಲ ನಾನು ಸೂಜಿ ಬಿಚ್ಚಿ ನೋಡಿದಾಗ ಸಿಕ್ಕಿದ್ದು ಸಾಸಿವೆ ಕಾಳಿಗಿಂತ ಚಿಕ್ಕದಾದ ಕಪ್ಪು ರಬ್ಬರ್ ಚೂರು. ಅಷ್ಟಕ್ಕೇ ರಾತ್ರಿಯೆಲ್ಲ ಪೆಟ್ರೋಲ್ ಹನಿದಿತ್ತು.

ಹಾಗಾಗಿ ಕ್ರಮ ಹೀಗಿರಲಿ. ಕತ್ತರಿಸಿದ ತುಂಡುಗಳ ಒಳಗೆ ಗಾಳಿ ಊದಿ. ನಿಪ್ಪಲ್‌ಗೆ ಒಂದು ಹನಿ ಪೆಟ್ರೋಲ್ ಸವರಿ, ಒಣಗಿದ್ದಾಗ ತಳ್ಳಿದರೆ ಪೈಪಿನ ಒಳಮೈ ಸುಲಿಯುತ್ತದೆ. ಕ್ಲಿಪ್‌ಗಳನ್ನು ಮೊದಲೇ ಪೈಪಿಗೆ ಏರಿಸಿಕೊಳ್ಳಿ. ಟ್ಯಾಪ್ ಕಡೆ ಜೋಡಿಸಿ, ಫಿಲ್ಟರ್ ಜೋಡಿಸಿ, ಕೆಳಗಿನ ತುಂಡು ಜೋಡಿಸಿ. ಕಾರ್ಬೊರೇಟರ್‌ಗೆ ಇನ್ನೂ ಹಾಕಬೇಡಿ.

ಹಂತ 7: ತೊಳೆದು, ಮತ್ತೆ ಅಳೆದು, ಆಮೇಲೆ ಜೋಡಣೆ

ಪೈಪಿನ ತುದಿ ಡಬ್ಬಕ್ಕೆ ಬಿಟ್ಟು ಟ್ಯಾಪ್ ತೆರೆಯಿರಿ. ಕಾಲು ಲೀಟರ್ ಹರಿಯಲಿ. ಉಳಿದ ಚೂರು, ಧೂಳು ಎಲ್ಲ ಬಂದುಬಿಡುತ್ತದೆ. ಈಗ ಮೂರನೇ ಹಂತದಲ್ಲಿ ಅಳೆದ ಹಾಗೇ, ಅದೇ ಎತ್ತರದಲ್ಲಿ, ಅದೇ ಪೆಟ್ರೋಲ್ ಮಟ್ಟದಲ್ಲಿ ಮತ್ತೊಂದು ನಿಮಿಷ ಅಳೆಯಿರಿ. ಮೊದಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆಯಾದರೆ ಸಹಜ. ಅರ್ಧಕ್ಕೆ ಇಳಿದರೆ, ಅಥವಾ ಮೇಲೆ ಹೇಳಿದ ಮಿತಿಗಿಂತ ಕಡಿಮೆ ಬಂದರೆ, ಆ ಫಿಲ್ಟರ್ ನಿಮ್ಮ ಬೈಕ್‌ಗೆ ಆಗುವುದಿಲ್ಲ. ಎಷ್ಟೇ ದುಡ್ಡು ಕೊಟ್ಟಿರಿ, ತೆಗೆದಿಡಿ.

ಸರಿ ಇದ್ದರೆ ಕಾರ್ಬೊರೇಟರ್‌ಗೆ ಜೋಡಿಸಿ, ಕ್ಲಿಪ್ ಹಾಕಿ. ಟ್ಯಾಪ್ ತೆರೆದು ಹತ್ತು ನಿಮಿಷ ಬಿಡಿ. ಪ್ರತಿ ಜೋಡಣೆಗೂ ಒಣ ಟಿಶ್ಯೂ ಪೇಪರ್ ಒತ್ತಿ ನೋಡಿ, ಕಣ್ಣಿಗೆ ಕಾಣದ ಒಸರೂ ಪೇಪರ್ ಮೇಲೆ ಕಾಣುತ್ತದೆ. ಫ್ಲೋಟ್ ಚೇಂಬರ್‌ಗೆ ಡ್ರೈನ್ ಸ್ಕ್ರೂ ಇದ್ದರೆ ಅದನ್ನು ಸಡಿಲಿಸಿ, ಕೆಳಗೆ ಡಬ್ಬ ಹಿಡಿಯಿರಿ. ಧಾರೆ ಕಡಿಯದೆ ಬರುತ್ತಿದ್ದರೆ ಟ್ಯಾಂಕ್‌ನಿಂದ ಸೂಜಿವರೆಗೂ ದಾರಿ ತೆರೆದಿದೆ ಅಂತ ಅರ್ಥ.

ಪಾರದರ್ಶಕ ಫಿಲ್ಟರ್ ಅರ್ಧ ಮಾತ್ರ ತುಂಬಿದೆ ಅಂತ ಬಹಳ ಜನ ಗಾಬರಿಯಾಗುತ್ತಾರೆ. ಹರಿವಿನ ಪರೀಕ್ಷೆ ಪಾಸಾಗಿದ್ದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮೇಲೆ ಸ್ವಲ್ಪ ಗಾಳಿ ಉಳಿಯುವುದು ಸಾಮಾನ್ಯ. ಪೂರ್ತಿ ಖಾಲಿಯಾಗಿ ಹನಿಹನಿ ಬೀಳುತ್ತಿದ್ದರೆ ಮಾತ್ರ ತೊಂದರೆ.

ಹಂತ 8: ರೋಡ್ ಟೆಸ್ಟ್ ಮತ್ತು ಅಪಾಯದ ಲಕ್ಷಣಗಳು

ಮನೆ ಮುಂದೆ ಸ್ಟಾರ್ಟ್ ಆದರೆ ಸಾಲದು. ಫ್ಲೋಟ್ ಚೇಂಬರ್‌ನಲ್ಲಿರುವ ಪೆಟ್ರೋಲ್‌ನಲ್ಲೇ ಬೈಕ್ ಸ್ವಲ್ಪ ದೂರ ಓಡಿಬಿಡುತ್ತದೆ. ಒಂದು ಉದ್ದನೆಯ ಏರು ಹುಡುಕಿ. ಬೈಕ್ ಬಿಸಿಯಾದ ಮೇಲೆ ಮೂರು, ನಾಲ್ಕು ನಿಮಿಷ ಒಂದೇ ಸಮನೆ ಜೋರಾಗಿ ಹತ್ತಿಸಿ.

ಪಿಕಪ್ ಮೆಲ್ಲಗೆ ಇಳಿಯುತ್ತಾ ಹೋಗಿ, ಆಕ್ಸಿಲರೇಟರ್ ಕಡಿಮೆ ಮಾಡಿದರೆ ಚೇತರಿಸಿಕೊಂಡರೆ, ಪೆಟ್ರೋಲ್ ಸಾಲುತ್ತಿಲ್ಲ. ಖಚಿತಪಡಿಸಿಕೊಳ್ಳಲು ಪಿಕಪ್ ಇಳಿದಾಗ ಚೋಕ್ ಸ್ವಲ್ಪ ಎಳೆಯಿರಿ. ಆ ಕ್ಷಣಕ್ಕೆ ಎಂಜಿನ್‌ಗೆ ಜೀವ ಬಂದರೆ ಅನುಮಾನವೇ ಬೇಡ. ಚೋಕ್ ಎಳೆದಾಗ ಇನ್ನೂ ಕೆಟ್ಟರೆ ಬೇರೆ ಕಡೆ ಹುಡುಕಿ, ಪ್ಲಗ್ ಅಥವಾ ಕರೆಂಟ್ ಕಡೆ ನೋಡಿ.

ಟೂ ಸ್ಟ್ರೋಕ್ ಬೈಕ್ ಇರುವವರು ಈ ಲಕ್ಷಣವನ್ನು ನಿರ್ಲಕ್ಷಿಸಲೇಬಾರದು. ಯೆಜ್ಡಿಯಲ್ಲಿ ಆಯಿಲ್ ಪೆಟ್ರೋಲ್‌ನಲ್ಲೇ ಬೆರೆತಿರುತ್ತದೆ. ಪೆಟ್ರೋಲ್ ಕಡಿಮೆಯಾದರೆ ಆಯಿಲ್ ಕೂಡ ಕಡಿಮೆ. ಆರ್‌ಎಕ್ಸ್ 100ರಲ್ಲಿ ಆಯಿಲ್‌ಗೆ ಬೇರೆ ಪಂಪ್ ಇದೆ, ಆದರೂ ಪೆಟ್ರೋಲ್ ಸಾಲದೆ ಎಂಜಿನ್ ವಿಪರೀತ ಬಿಸಿಯಾಗುತ್ತದೆ. ಎರಡರಲ್ಲೂ ಕೊನೆಗೆ ಪಿಸ್ಟನ್ ಜಾಮ್. ಓಡುವಾಗಲೇ ಜಾಮ್ ಆದರೆ ಹಿಂದಿನ ಚಕ್ರ ಹಿಡಿದು ಬೀಳುವ ಸಾಧ್ಯತೆ ಇದೆ. ಪಿಕಪ್ ಇಳಿಯಿತು ಅನ್ನಿಸಿದ ಕೂಡಲೇ ಕ್ಲಚ್ ಹಿಡಿಯಿರಿ, ಪಕ್ಕಕ್ಕೆ ನಿಲ್ಲಿಸಿ. ಫಿಲ್ಟರ್ ಬಿಚ್ಚಿ ನೇರ ಪೈಪ್ ಹಾಕಿಕೊಂಡು ಮನೆಗೆ ಬನ್ನಿ. ಅದಕ್ಕೆಂದೇ ಅಳತೆಗೆ ಕತ್ತರಿಸಿದ ಒಂದು ಪೈಪ್ ತುಂಡು ಟೂಲ್ ಬಾಕ್ಸ್‌ನಲ್ಲಿ ಯಾವಾಗಲೂ ಇರಲಿ.

ನಿಂತಲ್ಲಿ ಪೆಟ್ರೋಲ್ ವಾಸನೆ ಬಂದು ಕಾರ್ಬೊರೇಟರ್‌ನ ಓವರ್‌ಫ್ಲೋ ಪೈಪಿನಿಂದ ಹನಿದರೆ ಸೂಜಿಗೆ ಕಸ ಸಿಕ್ಕಿದೆ. ಟ್ಯಾಪ್ ಮುಚ್ಚಿ, ಸ್ಕ್ರೂಡ್ರೈವರ್ ಹಿಡಿಯಿಂದ ಚೇಂಬರ್‌ಗೆ ಮೆಲ್ಲಗೆ ಎರಡು ಸಲ ತಟ್ಟಿ, ಮತ್ತೆ ತೆರೆದು ನೋಡಿ. ನಿಲ್ಲದಿದ್ದರೆ ಚೇಂಬರ್ ಬಿಚ್ಚಲೇಬೇಕು.

ಹಂತ 9: ಯಾವಾಗ ಬದಲಿಸಬೇಕು

ಮೊದಲ ನೂರು ಕಿಲೋಮೀಟರ್ ಆದ ಮೇಲೆ ಒಮ್ಮೆ ಟಾರ್ಚ್ ಬಿಟ್ಟು ನೋಡಿ, ಕ್ಲಿಪ್‌ಗಳನ್ನೂ ಮುಟ್ಟಿ ನೋಡಿ. ಹಳೆ ಟ್ಯಾಂಕ್ ಆದರೆ ಮೊದಲ ಫಿಲ್ಟರ್ ಬೇಗ ಕೆಂಪಾಗುತ್ತದೆ. ಅದನ್ನು ತೊಳೆದು ಮತ್ತೆ ಹಾಕಬೇಡಿ, ಕಾಗದದ್ದಂತೂ ತೊಳೆಯಲೇಬಾರದು, ಹಿಂದಿನಿಂದ ಗಾಳಿ ಊದಿದರೆ ಕಾಗದ ಹರಿಯುತ್ತದೆ. ಎರಡನೆಯದು ಸಾಮಾನ್ಯವಾಗಿ ಜಾಸ್ತಿ ದಿನ ಬರುತ್ತದೆ. ಆಮೇಲೆ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಫಿಲ್ಟರ್ ಬದಲಿಸಿ. ಪೈಪ್ ಎರಡು ವರ್ಷಕ್ಕೊಮ್ಮೆ ಸಾಕು.

ಹೊಸ ಫಿಲ್ಟರ್ ಹಾಕಿದ ದಿನ, ಕಿಲೋಮೀಟರ್, ನಿಮಿಷಕ್ಕೆ ಬಂದ ಮಿ.ಲೀ., ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಸೀಟಿನ ಕೆಳಗೆ ಅಂಟಿಸಿ. ಮುಂದಿನ ವರ್ಷ ಅಳೆದಾಗ ಪಕ್ಕದಲ್ಲಿಟ್ಟು ನೋಡಲು ಬೇಕಾಗುತ್ತದೆ.